ಎಂದು ಓದಿಕೊಳ್ಳತಕ್ಕದ್ದು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಉಳಿದವರ ತಪ್ಪನ್ನು ಆಮೇಲೆ ಒಂದೊಂದಾಗಿ ಹೇಳುತ್ತೇನೆ. ಯಾರಾದರೂ ಬೇಜಾರು ಮಾಡಿಕೊಳ್ಳುವುದಿದ್ದರೆ ಧಾರಾಳವಾಗಿ ಮಾಡಿಕೊಳ್ಳಲಿ.

ನನ್ನ ಹೆಸರು ಸೀತಮ್ಮ. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ನಿವೃತ್ತಳಾದವಳು. ಮನೆ ಜಯನಗರದ ಏಳನೇ ಬ್ಲಾಕಿನಲ್ಲಿ. ನನ್ನ ಕೈಯಿಂದ ಒಂದು ತಪ್ಪು ಪದ ಹೊರಗೆ ಹೋಗಿಲ್ಲ ಎಂದು ಸಿಕ್ಕಸಿಕ್ಕವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಮೂಲದಲ್ಲಿ ಇಲ್ಲದ್ದನ್ನು ಒಂದಕ್ಷರ ಸೇರಿಸಬಾರದು, ಇದ್ದದ್ದನ್ನು ಒಂದಕ್ಷರ ಬಿಡಬಾರದು ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆಲ್ಲ ಪಾಠ ಹೇಳಿದವಳು ನಾನು. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸಿನ ಮಹಡಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಭಾರ್ಗವ ಆಗಾಗ ಅನುವಾದದ ಕೆಲಸ ತಂದುಕೊಡುತ್ತಿದ್ದ, ನಾನು ಮಾಡಿಕೊಡುತ್ತಿದ್ದೆ.

ಎರಡು ಸಾವಿರದ ಎಂಟನೇ ಇಸವಿಯ ಜನವರಿಯಲ್ಲಿ ಅವನು ಅರವತ್ತು ಪುಟದ ವರದಿಯೊಂದನ್ನು ತಂದು ಮೇಜಿನ ಮೇಲಿಟ್ಟ.

"ಆಂಟಿ, ನಾಳಿದ್ದು ಸಾಯಂಕಾಲಕ್ಕೆ ಬೇಕಂತೆ. ಪಬ್ಲಿಕ್ ನೋಟಿಸ್ ಕೊಡ್ಬೇಕಂತೆ, ಕನ್ನಡದಲ್ಲೇ ಇರ್ಬೇಕಂತೆ."

ವರದಿ ಸಣ್ಣಮ್ಮನ ಕೆರೆಯದು. ಜರಗನಹಳ್ಳಿಯಿಂದಾಚೆ, ಸುಬ್ರಹ್ಮಣ್ಯಪುರದ ಕಡೆಗೆ ಹೋದರೆ ಆ ಕೆರೆ ಸಿಗುತ್ತದೆ. ಅದನ್ನು ಅಭಿವೃದ್ಧಿ ಮಾಡಿ ದೋಣಿ ಬಿಡಬೇಕೆಂದು ಒಂದು ಇಲಾಖೆ ಹೊರಟಿತ್ತು. ಅದಕ್ಕೆ ಮೊದಲು ಅಲ್ಲಿ ಹಕ್ಕಿಗಳೆಷ್ಟಿವೆ ಎಂದು ಎಣಿಸಬೇಕಲ್ಲ, ಆ ಕೆಲಸವನ್ನು ಒಂದು ಖಾಸಗಿ ಕಂಪನಿಗೆ ವಹಿಸಿದ್ದರು. ಕಂಪನಿಯವರು ಹಡಗುಗಳಲ್ಲಿ ಇಡುವಂಥ ರಾಡಾರನ್ನು ಟ್ರೇಲರಿನ ಮೇಲೆ ತಂದು ಕೆರೆ ಏರಿಯಲ್ಲಿ ಹತ್ತು ದಿನ ನಿಲ್ಲಿಸಿದ್ದರು. ರಾಡಾರ್ ಬಿಡುವ ತರಂಗ ಹಾರುವ ಹಕ್ಕಿಗೆ ತಾಗಿ ಹಿಂದಕ್ಕೆ ಬರುತ್ತದೆ, ಪರದೆಯ ಮೇಲೆ ಒಂದು ಚುಕ್ಕಿ ಮೂಡುತ್ತದೆ, ಚುಕ್ಕಿ ಎಣಿಸಿದರೆ ಹಕ್ಕಿ ಎಣಿಸಿದಂತೆ. ಓದುತ್ತಾ ನನಗೆ ಖುಷಿಯೇ ಆಯಿತು. ಹಕ್ಕಿ ಎಣಿಸುವುದಕ್ಕೂ ನಮ್ಮೂರಿನಲ್ಲಿ ಇಷ್ಟು ಶ್ರಮ ಪಡುತ್ತಾರಲ್ಲ ಎಂದುಕೊಂಡೆ. ಎಂಥ ಪೆದ್ದಿ ನಾನು.

ಮೂವತ್ತೆಂಟನೇ ಪುಟದಲ್ಲಿ ಕ್ಲಟರ್ ಎಂಬ ಪದ ಬಂತು. ಕೆರೆಯ ನಟ್ಟನಡುವೆ ಜಾಲಿಮರಗಳ ದಿಬ್ಬವೊಂದಿದೆ. ಅದರ ಮೇಲೆ ರಾಡಾರಿಗೆ ಕಂಡ ಚುಕ್ಕಿಗಳಲ್ಲಿ ನೂರಕ್ಕೆ ತೊಂಬತ್ತನಾಲ್ಕನ್ನು ಕ್ಲಟರ್ ಎಂದು ತೆಗೆದುಹಾಕಿದ್ದೇವೆ, ಉಳಿದ ಆರು ಮಾತ್ರ ಹಕ್ಕಿ ಎಂದು ಬರೆದಿದ್ದರು. ಈ ಪದವನ್ನು ಅವರು ಯಾವ ಅರ್ಥದಲ್ಲಿ ಹೇಳುತ್ತಾರೋ ಕಂಪನಿಗೆ ಫೋನ್ ಮಾಡಿ ಕೇಳು ಎಂದು ಭಾರ್ಗವನಿಗೆ ಹೇಳಿದೆ.

"ಅವ್ರು ಫೋನೇ ಎತ್ತಲ್ಲ ಆಂಟಿ. ನಿಮಗೆ ಗೊತ್ತಿಲ್ದೇ ಇರೋ ಪದಾನಾ? ಡಿಕ್ಷನರಿ ನೋಡಿ ಒಂದು ಹಾಕ್ಬಿಡಿ."

ಹೊಗಳಿದರೆ ನಾನು ಸ್ವಲ್ಪ ಉಬ್ಬುವವಳು. ನಿಘಂಟು ತೆಗೆದೆ. ಗೊಂದಲ, ಗಲಿಬಿಲಿ, ಅಡ್ಡಾದಿಡ್ಡಿ ಬಿದ್ದ ಕಸಕಡ್ಡಿ ಎಂದಿತ್ತು. ಗೊಂದಲವನ್ನು ಯಾರಾದರೂ ತೆಗೆದುಹಾಕುವುದುಂಟೆ, ಕಸವನ್ನಾದರೆ ತೆಗೆದುಹಾಕಬಹುದು ಎಂದು ಯೋಚಿಸಿ ‘ಕಸ’ ಎಂದು ಬರೆದೆ. ಹನ್ನೊಂದು ಕಡೆ ಬಂದಿತ್ತು, ಹನ್ನೊಂದು ಕಡೆಯೂ ಅದನ್ನೇ ಬರೆದೆ. ಒಳ್ಳೆಯ ಅಚ್ಚಗನ್ನಡ ಪದ ಸಿಕ್ಕಿತೆಂದು ಅವತ್ತು ಒಂದು ಲೋಟ ಕಾಫಿ ಜಾಸ್ತಿಯೇ ಕುಡಿದೆ.

ಮಾರ್ಚ್ ಮೊದಲ ವಾರ ಕೆಂಪಕ್ಕ ಬಂದಳು. ಜರಗನಹಳ್ಳಿಯ ಕೆಂಪಕ್ಕ ಕೆರೆಯಂಚಿನಲ್ಲಿ ಹೊನಗೊನ್ನೆ ಸೊಪ್ಪು ಕುಯ್ದು ತಂದು ನಮ್ಮ ಬೀದಿಯಲ್ಲಿ ಮಾರುವವಳು. ಹದಿನೈದು ವರ್ಷದಿಂದ ಅವಳ ಸೊಪ್ಪೇ ನಮ್ಮ ಮನೆಗೆ. ಅವತ್ತು ಬುಟ್ಟಿ ಇಳಿಸುತ್ತಲೇ ಸೊಪ್ಪಿನ ಅಡಿಯಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟಳು. ಮೂಲೆಗಳಲ್ಲಿ ಇನ್ನೂ ಗೋಂದು ಅಂಟಿಕೊಂಡಿತ್ತು.

"ಅಮ್ಮೋರೇ, ಇದರಾಗೆ ಏನ್ ಬರ್ದವ್ರೆ ಓದಿ ಹೇಳಿ. ಕೆರೆ ಕಟ್ಟೆ ಮ್ಯಾಲೆ ಅಂಟ್ಸಿದ್ರು. ನಂಗೆ ಓದಕ್ ಬರಾಕಿಲ್ಲ, ಅದ್ಕೇ ಕಿತ್ಕೊಂಡು ಬಂದೆ."

ಸರ್ಕಾರಿ ಪ್ರಕಟಣೆಯನ್ನು ಹಾಗೆಲ್ಲ ಕೀಳಬಾರದು ಎಂದು ಗದರಿದೆ. ಆಮೇಲೆ ಓದತೊಡಗಿದೆ. ಎರಡನೇ ಸಾಲಿಗೇ ನನ್ನ ವಾಕ್ಯ ನನಗೆ ಗುರುತು ಸಿಕ್ಕಿತು. ‘ದಿಬ್ಬದ ಮೇಲೆ ಕಂಡುಬಂದುದರಲ್ಲಿ ಶೇಕಡಾ ತೊಂಬತ್ತನಾಲ್ಕು ಭಾಗ ಕಸವೆಂದು ಸಮೀಕ್ಷೆಯಿಂದ ದೃಢಪಟ್ಟಿರುತ್ತದೆ. ಆದ್ದರಿಂದ ದಿಬ್ಬದ ಮೇಲಿನ ಕಸವನ್ನು ಸಂಪೂರ್ಣವಾಗಿ ತೆರವುಗೊಳಿಸಿ, ಜಾಲಿಮರಗಳನ್ನು ಕಡಿದು, ದೋಣಿಕಟ್ಟೆ ನಿರ್ಮಿಸತಕ್ಕದ್ದು.’ ‘ಆದ್ದರಿಂದ’ ಎಂಬುದರಿಂದ ಮುಂದಿನದು ಇಲಾಖೆಯವರದು, ಅದಕ್ಕೆ ಹಿಂದಿನದು ನನ್ನದು.

ಕೆಂಪಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಕಸವಾ? ನೀರ್ ದಾಟ್ಕೊಂಡು ದಿಬ್ಬಕ್ ಹೋಗಿ ಕಸ ಹಾಕೋಕೆ ಯಾರಿಗ್ ಹುಚ್ಚು ಹಿಡ್ದೈತೆ? ಹಾಕೋರೆಲ್ಲಾ ದಡದಾಗೇ ಸುರೀತಾರೆ. ದಿಬ್ಬದಾಗೆ ಇರೋದು ಬರೀ ಹಕ್ಕಿ. ಈಗ ಗೂಡು ಕಟ್ಟಿ ಮರಿ ಬೇರೆ ಮಾಡವೆ. ಇದನ್ನ ಬರ್ದೋನ್ ಯಾವನೋ, ಅವನ್ ಕಣ್ಣಿಗ್ ಮಣ್ ಹಾಕ."

ಬರೆದವಳು ನಾನು ಎಂದು ಹೇಳಲು ನಾಲಿಗೆ ಏಳಲಿಲ್ಲ. ಸೊಪ್ಪು ಒಳಗಿಟ್ಟೆ, ಸೆರಗು ಸರಿ ಮಾಡಿಕೊಂಡೆ, ನಡೆಯಮ್ಮ ನೋಡಿಕೊಂಡು ಬರೋಣ ಎಂದೆ. ಇಬ್ಬರೂ ಆಟೋದಲ್ಲಿ ಹೋದೆವು. ದಾರಿಯಲ್ಲಿ ನಿಜ ಹೇಳಿಬಿಟ್ಟೆ.

"ನೀವು ಕೆರೆ ನೋಡಿದ್ರಾ ಅಮ್ಮೋರೇ, ಬರಿಯೋಕ್ ಮುಂಚೆ?" ಎಂದು ಕೆಂಪಕ್ಕ ಕೇಳಿದಳು.

ನೋಡಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ಅನುವಾದ ಮಾಡಿದ ಒಂದು ಅಣೆಕಟ್ಟನ್ನಾಗಲಿ, ಒಂದು ರಸ್ತೆಯನ್ನಾಗಲಿ ಕಣ್ಣಾರೆ ನೋಡಿದವಳಲ್ಲ. ನನ್ನ ಕೆಲಸ ಕಾಗದ ನೋಡುವುದು ಎಂದೇ ತಿಳಿದಿದ್ದೆ.

ಸಂಜೆ ಐದೂವರೆಯಾಗಿತ್ತು. ದಿಬ್ಬದ ಮೇಲೆ ಹನ್ನೊಂದು ಜಾಲಿಮರಗಳು. ಮರದ ಎಲೆ ಕಾಣದಷ್ಟು ಬೆಳ್ಳಕ್ಕಿ, ನೀರುಕಾಗೆ, ಬೂದು ಬಣ್ಣದ ಬಕಗಳು. ಒಂದೊಂದು ಕೊಂಬೆಯಲ್ಲಿ ನಾಲ್ಕೈದು ಗೂಡು, ಗೂಡಿನಿಂದ ಕತ್ತು ಚಾಚಿ ಕಿರುಚುವ ಮರಿಗಳು. ಆ ಗದ್ದಲಕ್ಕೆ ಪಕ್ಕದಲ್ಲಿದ್ದ ಕೆಂಪಕ್ಕನ ಮಾತೇ ನನಗೆ ಕೇಳುತ್ತಿರಲಿಲ್ಲ. ನೂರಕ್ಕೆ ಆರು ಎಂದು ಬರೆದ ನನ್ನ ಕೈಯನ್ನು ಕಡಿದುಕೊಳ್ಳಬೇಕೆನಿಸಿತು.

ಸಮೀಕ್ಷೆ ಮುಗಿದು ಎರಡು ತಿಂಗಳಾಗಿದ್ದರೂ ಏರಿಯ ಮೇಲೆ ಟ್ರೇಲರ್ ಇನ್ನೂ ನಿಂತಿತ್ತು. ಸಾಗಿಸುವುದಕ್ಕೆಂದು ಒಬ್ಬ ಹುಡುಗ, ಇಪ್ಪತ್ತಾರು ಇಪ್ಪತ್ತೇಳರವನು, ವೈರು ಸುತ್ತುತ್ತಿದ್ದ. ಹೆಸರು ಚನ್ನವೀರ, ಗದಗದ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ, ಕಂಪನಿಯಲ್ಲಿ ರಾಡಾರ್ ನಡೆಸುವ ಕೆಲಸ. ನಾನು ಪರಿಚಯ ಹೇಳಿಕೊಂಡು ನೇರವಾಗಿ ಕೇಳಿದೆ.

"ಏನಪ್ಪಾ, ಕ್ಲಟರ್ ಅಂದ್ರೆ ಏನು?"

"ರಾಡಾರಿಗೆ ಮರಾ ಅಲ್ಲಾಡಿದ್ರೂ ಚುಕ್ಕಿ ಕಾಣತೈತ್ರಿ, ನೀರಿನ ತೆರಿ ಎದ್ರೂ ಚುಕ್ಕಿ ಕಾಣತೈತ್ರಿ. ನಮಗ ಬೇಕಾದ್ದು ಹಾರೂ ಹಕ್ಕಿ ಅಷ್ಟ. ಅದಕ್ಕ ಒಂದ ಜಾಗಾದಾಗ ಇದ್ದು ಅಲ್ಲೇ ಅಲ್ಲಾಡೂದನ್ನೆಲ್ಲಾ ತಗದು ಒಗೀ ಅಂತ ಸೆಟ್ಟಿಂಗ್ ಮಾಡಿರ್ತಾರ. ಹಂಗ ತಗದು ಒಗದದ್ದಕ್ಕ ಕ್ಲಟರ್ ಅಂತಾರ್ರಿ."

"ಗೂಡಲ್ಲಿ ಕೂತು ರೆಕ್ಕೆ ಬಡಿಯೋ ಹಕ್ಕಿ?"

ಅವನು ವೈರು ಸುತ್ತುವುದನ್ನು ನಿಲ್ಲಿಸಿದ.

"ಅದೂ ಅದರಾಗ ಹೋಗತೈತ್ರಿ. ದಿಬ್ಬದ ಮ್ಯಾಲಿಂದು ಭಾಳಷ್ಟು ಹಕ್ಕೀನ ಐತ್ರಿ ಮೇಡಂ. ಸೆಟ್ಟಿಂಗ್ ಬದಲ್ ಮಾಡೂನು ಅಂತ ನಾ ಹೇಳೀನ್ರಿ. ಸಂಜೀ ಮುಂದ ಬಕ ಎದ್ದು ಹಾರ್ತಾವ, ಆವಾಗರ ಎಣಸೂನು ಅಂತನೂ ಹೇಳೀನಿ. ಆಫೀಸ್ ಟೈಮಿನಾಗ ಎಷ್ಟ್ ಬರ್ತಾವ ಅಷ್ಟ ಸಾಕು ಅಂದ್ರು ನಮ್ಮ ಸಾಹೇಬ್ರು."

ಹಕ್ಕಿ ಎಣಿಸುವುದು ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ. ನಡುವೆ ಊಟಕ್ಕೆ ಒಂದು ಗಂಟೆ ಬಿಡುವು ಬೇರೆ. ನನಗೆ ಪಿತ್ತ ನೆತ್ತಿಗೇರಿತು. ಅಷ್ಟು ದೊಡ್ಡ ಯಂತ್ರ ತಂದು, ಅದಕ್ಕೆ ಕಂಡ ಹಕ್ಕಿಯನ್ನು ಕಾಣಬೇಡ ಎಂದು ಹೇಳಿಕೊಟ್ಟು, ಆಮೇಲೆ ಯಂತ್ರವೇ ಹೇಳಿತು ಎಂದು ಬರೆದಿದ್ದಾರಲ್ಲ. ಪಾಪದ ಯಂತ್ರ ಹಕ್ಕಿಯನ್ನು ಸರಿಯಾಗಿಯೇ ನೋಡಿತ್ತು. ಚನ್ನವೀರ ತನ್ನ ಲ್ಯಾಪ್‌ಟಾಪಿನಲ್ಲಿ ಎರಡು ಚಿತ್ರ ತೋರಿಸಿದ. ಒಂದರಲ್ಲಿ ದಿಬ್ಬದ ಜಾಗದಲ್ಲಿ ಸಾವಿರಾರು ಚುಕ್ಕಿ ಕಿಕ್ಕಿರಿದಿತ್ತು, ಇನ್ನೊಂದರಲ್ಲಿ ಅದೇ ಜಾಗ ಬೋಳಾಗಿತ್ತು. ವರದಿಯಲ್ಲಿ ಹಾಕಿದ್ದು ಎರಡನೆಯದು.

"ಇದನ್ನ ಬರೆದು ಸಹಿ ಹಾಕಿ ಕೊಡ್ತೀರಾ?" ಎಂದೆ.

"ಕೆಲಸಾ ಹೊಕ್ಕೈತ್ರಿ," ಎಂದ. ಲ್ಯಾಪ್‌ಟಾಪ್ ಮುಚ್ಚಿ, "ಮೊದಲನೇ ಫೋಟೋ ಪ್ರಿಂಟ್ ಮಾಡಿ ಕೊಡ್ತೀನ್ರಿ. ನನ್ನ ಹೆಸರ ಹೇಳಬ್ಯಾಡ್ರಿ," ಎಂದ. ಮರುದಿನ ಬೆಳಿಗ್ಗೆ ಜಯನಗರಕ್ಕೇ ಬಂದು ಕೊಟ್ಟುಹೋದ. ಅಷ್ಟಾದರೂ ಮಾಡಿದನಲ್ಲ, ಅವನ ಮೇಲೆ ನನಗೆ ಸಿಟ್ಟಿಲ್ಲ.

ಚಿತ್ರ ಹಿಡಿದುಕೊಂಡು ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಶಂಭುಲಿಂಗಪ್ಪ ಬಹಳ ಮರ್ಯಾದಸ್ಥ. ಎದ್ದು ನಿಂತು ಕುರ್ಚಿ ತೋರಿಸಿದರು, ಕಾಫಿ ತರಿಸಿದರು. ಅನುವಾದ ನನ್ನದು ಎಂದ ಕೂಡಲೇ ಮುಖ ಅರಳಿತು.

"ನೀವಾ ಮೇಡಂ? ಎಷ್ಟು ಚೆನ್ನಾಗಿದೆ ಕನ್ನಡ. ಇಂಗ್ಲಿಷ್‌ದು ಯಾರಿಗೂ ಅರ್ಥ ಆಗಿರ್ಲಿಲ್ಲ. ಮೀಟಿಂಗಲ್ಲಿ ನಿಮ್ದನ್ನೇ ಓದಿ ಎಲ್ರೂ ಒಪ್ಕೊಂಡ್ರು."

ಮೂವತ್ತೊಂದು ವರ್ಷದಲ್ಲಿ ನನ್ನ ಅನುವಾದವನ್ನು ಯಾರಾದರೂ ಪೂರ್ತಿ ಓದಿದ್ದಾರೆಂದು ಕೇಳಿದ್ದು ಅದೇ ಮೊದಲು. ಓದದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಚನ್ನವೀರ ಕೊಟ್ಟ ಚಿತ್ರವನ್ನು ಮೇಜಿನ ಮೇಲೆ ಹರಡಿ ಎಲ್ಲವನ್ನೂ ವಿವರಿಸಿದೆ. ಅವರು ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿದರು. ಇದಕ್ಕೆ ಸಹಿಯಿಲ್ಲ, ಕಂಪನಿಯ ಮೊಹರಿಲ್ಲ, ಹಾಗಾಗಿ ಕಡತಕ್ಕೆ ಸೇರಿಸಲು ಬರುವುದಿಲ್ಲ ಎಂದರು.

"ಆದ್ರೆ ಅನುವಾದದಲ್ಲಿ ತಪ್ಪಾಗಿದೆ ಅಂತ ಅನುವಾದಕರೇ ಹೇಳಿದ್ರೆ ಅದು ಬೇರೆ ವಿಷಯ. ತಿದ್ದೋಲೆ ಹೊರಡಿಸೋಣ. ಯಾವ ಪದದ ಬದಲು ಯಾವ ಪದ, ಅಷ್ಟನ್ನ ಬರೆದು ಸಹಿ ಹಾಕಿ ಕೊಟ್ಬಿಡಿ ಮೇಡಂ. ಮಿಕ್ಕಿದ್ದು ನಾವು ನೋಡ್ಕೋತೀವಿ."

ತಿದ್ದೋಲೆಗೆ ಒಂದು ಮಾದರಿಯಿದೆ. ಇಂಥ ಆದೇಶದಲ್ಲಿ ಇಂಥ ಪದ ಎಂದಿರುವ ಕಡೆಯಲ್ಲೆಲ್ಲಾ ಇಂಥ ಪದ ಎಂದು ಓದಿಕೊಳ್ಳತಕ್ಕದ್ದು. ನೂರಾರು ಬರೆದಿದ್ದೇನೆ, ನಿದ್ದೆಗಣ್ಣಿನಲ್ಲೂ ಬರೆಯಬಲ್ಲೆ. ಅವತ್ತು ಮಾತ್ರ ಪೆನ್ನು ಹಿಡಿದು ಒಂದು ಗಂಟೆ ಕೂತೆ. ಕ್ಲಟರ್ ಎಂದರೆ ಬೇಡದ ಸುಳಿವು, ಅಷ್ಟೇ. ಸರಿಯಾಗಿ ಬರೆಯುವುದಾದರೆ ಹಾಗೆಯೇ ಬರೆಯಬೇಕಿತ್ತು. ಬರೆದರೆ ಬೇಡದ ಸುಳಿವೆಂದರೇನು ಎಂದು ಯಾರಾದರೂ ಕೇಳುತ್ತಾರೆಯೇ? ಬೇಡದ್ದು ಎಂದಿದೆಯಲ್ಲ, ಕಡಿದುಬಿಡಿ ಎನ್ನುತ್ತಾರೆ. ದಿಬ್ಬದ ಮೇಲಿದ್ದದ್ದು ಹಕ್ಕಿ. ರಾಡಾರಿಗೆ ಕಂಡಿದ್ದೂ ಹಕ್ಕಿ. ನಾನು ಜೀವಮಾನದಲ್ಲಿ ಮೊದಲ ಸಲ ಮೂಲವನ್ನು ಬದಿಗಿಟ್ಟೆ. ‘ಕಸ ಎಂದಿರುವ ಕಡೆಯಲ್ಲೆಲ್ಲಾ ಹಕ್ಕಿ ಎಂದು ಓದಿಕೊಳ್ಳತಕ್ಕದ್ದು’ ಎಂದು ಬರೆದು ಸಹಿ ಮಾಡಿದೆ. ಶೇಕಡಾ ತೊಂಬತ್ತನಾಲ್ಕು ಹಕ್ಕಿ ಎಂದು ಓದಿದ ಮೇಲೂ ಮರ ಕಡಿಯುವ ಮನುಷ್ಯ ಇರಲಾರ ಎಂಬುದು ನನ್ನ ಲೆಕ್ಕ.

ಶಂಭುಲಿಂಗಪ್ಪ ಅದನ್ನು ತೆಗೆದುಕೊಂಡರು, ಓದದೆಯೇ ಕಡತದಲ್ಲಿ ಸೇರಿಸಿದರು. ನನಗೆ ಅಲ್ಲೇ ಸಂಶಯ ಬರಬೇಕಿತ್ತು, ಬರಲಿಲ್ಲ. ನಾಲ್ಕನೇ ದಿನ ಫೋನ್ ಮಾಡಿದರೆ, "ತಿದ್ದೋಲೆ ಆಗೋಯ್ತು ಮೇಡಂ, ಮೊಹರು ಹಾಕಿ ಕಳಿಸಿಯೂ ಆಯ್ತು," ಎಂದರು. ನಾನು ಕೆಂಪಕ್ಕನಿಗೆ ಹೇಳಿದೆ. ಅವಳು ಅವತ್ತು ನನಗೆ ಎರಡು ಕಟ್ಟು ಸೊಪ್ಪು ಪುಕ್ಕಟೆ ಕೊಟ್ಟಳು. ನಾನು ತೆಗೆದುಕೊಂಡೆ.

ಅದಾಗಿ ಒಂದು ವಾರಕ್ಕೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನ್ ಬಂತು. ಕೆಂಪಕ್ಕ ಎಸ್‌ಟಿಡಿ ಬೂತಿನಿಂದ ಮಾಡಿದ್ದಳು. ಮಾತು ಸರಿಯಾಗಿ ಕೇಳಿಸಲಿಲ್ಲ, ಪಟಾಕಿ ಪಟಾಕಿ ಎನ್ನುತ್ತಿದ್ದುದು ಮಾತ್ರ ತಿಳಿಯಿತು. ಇದ್ದ ಸೀರೆಯಲ್ಲೇ ಆಟೋ ಹತ್ತಿದೆ.

ನಾನು ಹೋಗುವಷ್ಟರಲ್ಲಿ ಏಳು ಮರ ನೆಲಕ್ಕುರುಳಿದ್ದವು. ಕಡಿಯುವವರು ಊಟಕ್ಕೆಂದು ಡ್ರಮ್ಮು ಕಟ್ಟಿದ ತೆಪ್ಪದಲ್ಲಿ ದಡಕ್ಕೆ ಬಂದು ಬುತ್ತಿ ಬಿಚ್ಚಿದ್ದರು. ಉಳಿದ ನಾಲ್ಕು ಮರಗಳ ಮೇಲೆ ಒಂದು ದೊಡ್ಡ ಹಕ್ಕಿಯೂ ಇರಲಿಲ್ಲ, ಎಲ್ಲ ಮೇಲೆ ಸುತ್ತುತ್ತಿದ್ದವು. ಮರಿಗಳ ಕಿರುಚಾಟ ಮಾತ್ರ ಹಾಗೆಯೇ ಇತ್ತು. ಕೆಂಪಕ್ಕ ಸೊಂಟಮಟ್ಟ ನೀರಿನಲ್ಲಿ ನಿಂತು, ತೇಲಿಬರುತ್ತಿದ್ದ ಮರಿಗಳನ್ನು ಹಿಡಿದು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಳು. ಬದುಕಿದ್ದವೂ ಇದ್ದವು, ಸತ್ತವೂ ಇದ್ದವು. ಅವಳು ನನ್ನ ಕಡೆ ನೋಡಲಿಲ್ಲ.

ಕಂಟ್ರಾಕ್ಟರನ ಕಡೆಯ ಮೇಸ್ತ್ರಿ ಏರಿಯ ಮೇಲೆ ಕೂತಿದ್ದ. ಯಾವನಪ್ಪ ನಿಮಗೆ ಹೇಳಿದ್ದು, ತಿದ್ದೋಲೆ ಬಂದಿಲ್ಲವೇ ಎಂದು ಅವನ ಮೇಲೆ ಹರಿಹಾಯ್ದೆ. ಅವನು ಸಾವಧಾನವಾಗಿ ಪ್ಲಾಸ್ಟಿಕ್ ಕವರಿನಿಂದ ಎರಡು ಕಾಗದ ತೆಗೆದ. ಆದೇಶ ಒಂದು, ಅದಕ್ಕೆ ಗುಂಡುಸೂಜಿ ಚುಚ್ಚಿದ ತಿದ್ದೋಲೆ ಇನ್ನೊಂದು.

"ಬಂದಿದೆಯಲ್ಲ ಮೇಡಂ. ಎರಡೂ ಓದಿದೀನಿ. ಮೊದ್ಲು ಕಸ ತೆಗೀಬೇಕು ಅಂತಿತ್ತು. ಆಮೇಲೆ ಕಸ ಅಲ್ಲ, ಹಕ್ಕಿ ಅಂತ ಓದ್ಕೋಬೇಕು ಅಂತ ಬಂತು. ಓದ್ಕೊಂಡೆ. ‘ದಿಬ್ಬದ ಮೇಲಿನ ಹಕ್ಕಿಯನ್ನು ಸಂಪೂರ್ಣವಾಗಿ ತೆರವುಗೊಳಿಸಿ, ಜಾಲಿಮರಗಳನ್ನು ಕಡಿದು.’ ಅದಕ್ಕೇ ಮೊದ್ಲು ಪಟಾಕಿ ಸರ ಹೊಡೆಸ್ದೆ. ದೊಡ್ಡವೆಲ್ಲ ಹೋದ್ವು. ಇಲ್ದಿದ್ರೆ ಸುಮ್ನೆ ಮರ ಕಡ್ದು ಹೋಗ್ತಿದ್ವಿ, ಪಟಾಕಿ ನಮಗ್ಯಾಕೆ ಮೇಡಂ."

ಕಾಗದವನ್ನು ನನ್ನ ಕಣ್ಣ ಮುಂದೆಯೇ ಹಿಡಿದಿದ್ದ. ಅವನು ಓದಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಇಡೀ ಇಲಾಖೆಯಲ್ಲಿ ಎರಡನ್ನೂ ಜೋಡಿಸಿ ಸರಿಯಾಗಿ ಓದಿದವನು ಅವನೊಬ್ಬನೇ. ‘ಕಸ’ ಇದ್ದ ಕಡೆಯಲ್ಲೆಲ್ಲ ‘ಹಕ್ಕಿ’ ಬಂತು, ‘ತೆರವುಗೊಳಿಸಿ’ ಎಂಬುದು ಇದ್ದಲ್ಲೇ ಇತ್ತು. ಅದನ್ನು ಬದಲಿಸಿ ಎಂದು ನಾನು ಬರೆದಿರಲಿಲ್ಲ, ಬದಲಿಸಬೇಕೆಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಅಳು ಬರಲಿಲ್ಲ. ಸಿಟ್ಟು ಬಂತು, ಅದರಲ್ಲಿ ಅರ್ಧ ನನ್ನ ಮೇಲೆ.

ನಾನು ಚಪ್ಪಲಿ ಬಿಟ್ಟೆ, ಸೀರೆ ಎತ್ತಿ ಕಟ್ಟಿದೆ, ದಡದಲ್ಲಿದ್ದ ತೆಪ್ಪ ಹತ್ತಿ ನಡುವೆ ಕೂತೆ. ದಿಬ್ಬಕ್ಕೆ ಹೋಗಲು ಅವರಿಗಿದ್ದದ್ದು ಅದೊಂದೇ ತೆಪ್ಪ. ಕೆಂಪಕ್ಕ ನೀರಿನಿಂದಲೇ ನನ್ನನ್ನು ನೋಡಿದಳು. ಆಮೇಲೆ ಬುಟ್ಟಿಯನ್ನು ತೆಪ್ಪದ ಮೇಲಿಟ್ಟು ತಾನೂ ಹತ್ತಿ ಕೂತಳು. ಬುಟ್ಟಿಯಲ್ಲಿದ್ದ ಒಂದು ಬಕದ ಮರಿ ನನ್ನ ಬೆರಳನ್ನು ಕಚ್ಚಿ ಹಿಡಿಯಿತು, ನಾನು ಬಿಡಿಸಿಕೊಳ್ಳಲಿಲ್ಲ.

"ಇಳೀರಿ ಮೇಡಂ, ಕೆಲ್ಸ ಇದೆ," ಎಂದ ಮೇಸ್ತ್ರಿ.

"ಇಳಿಯಲ್ಲ. ನಿಮ್ಮ ಸಾಹೇಬರಿಗೆ ಫೋನ್ ಮಾಡು."

ಮಾಡಿದ. ನೀರಿಗಿಳಿದು ಬಂದು ಮೊಬೈಲನ್ನು ನನ್ನ ಕೈಗೆ ಕೊಟ್ಟ. ಶಂಭುಲಿಂಗಪ್ಪನವರ ದನಿಯಲ್ಲಿ ಅದೇ ಮರ್ಯಾದೆಯಿತ್ತು, ಸ್ವಲ್ಪ ನೊಂದುಕೊಂಡಂತೆಯೂ ಇತ್ತು.

"ಏನ್ ಮೇಡಂ ಇದು? ನೀವು ಹೇಳಿದ ಪದಾನೇ ಹಾಕಿದೀವಲ್ಲ. ಇನ್ನೇನು ಬೇಕು ನಿಮಗೆ?"

"ಪದ ಬೇಡ ಸಾರ್, ಹಕ್ಕಿ ಬೇಕು. ಇನ್ನೂ ನಾಲ್ಕು ಮರ ಇದೆ, ಅದರ ತುಂಬಾ ಮರಿ ಇದೆ. ಕಡಿಯೋದು ನಿಲ್ಲಿಸಿ ಅಂತ ಬರೆದು, ಸಹಿ ಹಾಕಿ, ನೀವೇ ತಗೊಂಡು ಬನ್ನಿ. ನೀವೂ ಒಂದ್ಸಲ ಕೆರೆ ನೋಡ್ದಂಗಾಗುತ್ತೆ. ಅಲ್ಲೀವರೆಗೆ ನಾನು ಇಲ್ಲೇ ಕೂತಿರ್ತೀನಿ."

"ಅದಕ್ಕೆ ಮತ್ತೆ ಮೀಟಿಂಗ್ ಕರೀಬೇಕಾಗುತ್ತೆ ಮೇಡಂ," ಎಂದರು.

"ಕರೀರಿ," ಎಂದು ಮೊಬೈಲನ್ನು ಮೇಸ್ತ್ರಿಗೆ ವಾಪಸು ಕೊಟ್ಟೆ.

ಊಟ ಮುಗಿಸಿದ ಗಂಡಸರು ಗರಗಸ ಹಿಡಿದು ಬಂದು ದಡದಲ್ಲಿ ಸಾಲಾಗಿ ನಿಂತರು. ಇಬ್ಬರು ಹೆಂಗಸರನ್ನು ಎತ್ತಿ ಇಳಿಸುವುದು ಹೇಗೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ನಾನು ಏಳಲಿಲ್ಲ, ಕೆಂಪಕ್ಕನೂ ಏಳಲಿಲ್ಲ.